ಬಾಯಲ್ಲಿ ಎಲ್ಲಾ ಹೇಳ್ತಾನೆ, ಬರೆಯೋಕೆ ಮಾತ್ರ ಸೋಮಾರಿ

(ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಹುಡುಗನಿಗೆ 8 ವರ್ಷ. ಕೂತ ತಕ್ಷಣ ಅಮ್ಮ ಹೇಳಿದ್ದು ಮೇಲಿನ ಮಾತನ್ನೇ. ಯಾರೋ ಹೇಳಿದರು ಅಂತ 6 ತಿಂಗಳಿಂದ ದಿನಾ ಬಲಗೈಯನ್ನು ಎಡ ಮೊಣಕಾಲಿಗೆ, ಎಡಗೈಯನ್ನು ಬಲ ಮೊಣಕಾಲಿಗೆ ಮುಟ್ಟಿಸುವ ವ್ಯಾಯಾಮ ಮಾಡಿಸುತ್ತಿದ್ದರು. ಮೆದುಳಿನ ಎರಡೂ ಭಾಗ ಜೋಡಿಯಾಗಿ ಬರಹ ತಾನಾಗೇ ಸರಿಹೋಗುತ್ತೆ ಅನ್ನೋ ನಂಬಿಕೆ. ವ್ಯಾಯಾಮ ಚೆನ್ನಾಗಿ ಬಂದಿತ್ತು. ಬರಹ ಹಾಗೇ ಇತ್ತು.

ನಾಲ್ಕು ಸಾಲು ಬರೆಯಲು ಹೇಳಿದೆ. ಮೊದಲ ಸಾಲಿಗೇ ಉಸಿರು ಬಿಗಿಹಿಡಿದ, ಎಡಗೈ ಹಾಳೆಯನ್ನು ಬಿಟ್ಟು ಕುರ್ಚಿಯ ಅಂಚು ಹಿಡಿದಿತ್ತು. ಹಾಳೆ ತಿರುಗಿಸಿ ಸವರಿದರೆ ಅಕ್ಷರಗಳು ಉಬ್ಬಿ ಬೆರಳಿಗೆ ತಾಗುತ್ತಿದ್ದವು, ಅಷ್ಟು ಒತ್ತಿ ಬರೆದಿದ್ದ. ಶರ್ಟಿನ ಗುಂಡಿ ಯಾರು ಹಾಕೋದು ಅಂದೆ. "ನಾನೇ, ಶಾಲೆಗೆ ಲೇಟಾಗುತ್ತಲ್ವಾ" ಅಂದರು ಅಮ್ಮ. ಚೆಂಡಾಟಕ್ಕೆ ಯಾರೂ ಸೇರಿಸಿಕೊಳ್ಳಲ್ಲ ಅಂತ ಅವನೇ ಹೇಳಿದ, ನೆಲ ನೋಡಿಕೊಂಡು.

ಇದು ಸೋಮಾರಿತನ ಅಲ್ಲ. ಡಿಸ್ಪ್ರಾಕ್ಸಿಯಾ, ಅಂದರೆ ಚಲನೆಯ ಹೊಂದಾಣಿಕೆಯ ತೊಂದರೆ ಇರಬಹುದು ಅನ್ನಿಸಿತು. ಶಾಲಾ ವಯಸ್ಸಿನ ಮಕ್ಕಳಲ್ಲಿ ಸುಮಾರು 5-6% ಜನಕ್ಕೆ ಇರುತ್ತೆ, ಬುದ್ಧಿ ಕಮ್ಮಿ ಅಂತ ಅರ್ಥ ಅಲ್ಲವೇ ಅಲ್ಲ. ನಮ್ಮ ಕೈ ತಾನಾಗೇ ಓಡುತ್ತೆ, ಇಂಥ ಮಕ್ಕಳು ಒಂದೊಂದು ಗೆರೆಯನ್ನೂ ಯೋಚಿಸಿ ಎಳೆಯಬೇಕು, ಅಷ್ಟರಲ್ಲಿ ಉತ್ತರವೇ ಮರೆತುಹೋಗಿರುತ್ತೆ. ಇದೇ ತೊಂದರೆ ಅಂತ ಹೆಸರಿಡೋದು ನನ್ನ ಕೆಲಸ ಅಲ್ಲ. ಮಕ್ಕಳ ಡಾಕ್ಟರ್ ಮತ್ತು ಆಕ್ಯುಪೇಷನಲ್ ಥೆರಪಿಸ್ಟ್ (ಬರೆಯೋದು, ಬಟ್ಟೆ ಹಾಕೋದು ಮುಂತಾದ ದಿನದ ಕೆಲಸಗಳಿಗೆ ತರಬೇತಿ ಕೊಡುವವರು) ಹತ್ತಿರ ಕಳಿಸಿದೆ, ಕಣ್ಣನ್ನೂ ಪರೀಕ್ಷೆ ಮಾಡಿಸಿ ಅಂದೆ.

ಆ ವ್ಯಾಯಾಮದ ಬಗ್ಗೆ ನೇರವಾಗಿ ಹೇಳಿದೆ: ಮೆದುಳಿನ ಎರಡು ಭಾಗಗಳ ನಡುವೆ ಸುಮಾರು 20 ಕೋಟಿ ನರತಂತುಗಳ ಸೇತುವೆ ಹುಟ್ಟಿನಿಂದಲೇ ಇರುತ್ತೆ, ಮೊಣಕಾಲು ಮುಟ್ಟಿ ಕಟ್ಟಬೇಕಾಗಿಲ್ಲ. ಕೆಟ್ಟದ್ದೇನಲ್ಲ, ಆದರೆ ಮೊಣಕಾಲು ಮುಟ್ಟಿದರೆ ಮೊಣಕಾಲು ಮುಟ್ಟೋದೇ ಬರುತ್ತೆ. ಗುಂಡಿ ಬರಬೇಕಾದರೆ ಗುಂಡಿಯನ್ನೇ ಹಾಕಬೇಕು. ರಜಾ ದಿನ, ಅವಸರ ಇಲ್ಲದಾಗ, ಮೇಲಿನದೆಲ್ಲಾ ನೀವು ಹಾಕಿ, ಕೊನೆಯದನ್ನು ಅವನಿಗೆ ಬಿಡಿ. ಆಮೇಲೆ ಕೊನೆಯ ಎರಡು. ಬರಹವೂ ಹಾಗೇ, ದಿನಕ್ಕೆ ಹತ್ತು ನಿಮಿಷ, ಜಾಸ್ತಿ ಬೇಡ. ಟೀಚರ್ ಹತ್ತಿರ ಬಾಯಿಮಾತಿನ ಉತ್ತರಕ್ಕೂ ಅಂಕ ಕೇಳಿ. ಓಟ, ಈಜು, ಸೈಕಲ್ ಯಾವುದಾದರೂ ಇರಲಿ, ಖುಷಿಗೆ. ಬರಹದ ಔಷಧಿ ಅಂತ ಅಲ್ಲ.

ಮೂರನೇ ಸಲ ಬಂದಾಗ ಬರಹ ಹೆಚ್ಚೇನೂ ಬದಲಾಗಿರಲಿಲ್ಲ. ಕೆಳಗಿನ ಎರಡು ಗುಂಡಿ ತಾನೇ ಹಾಕಿಕೊಂಡಿದ್ದ, ಒಂದು ತಪ್ಪು ಕಾಜಕ್ಕೆ. ಅಮ್ಮ ಸರಿಮಾಡಲು ಕೈ ಚಾಚಿ, ನನ್ನ ಮುಖ ನೋಡಿ ಸುಮ್ನಾದರು.