ಎದುರು ಪಾಳೆಯದ ಮಾತು ಸಹಿಸುವವರು ಯಾರು, ಲಿಬರಲ್‌ಗಳೋ ಕನ್ಸರ್ವೇಟಿವ್‌ಗಳೋ?

ನೀವು ಕೇಳಿದ್ದು ಇಷ್ಟು: ಅಮೆರಿಕದ ಲಿಬರಲ್‌ಗಳು, ಅಂದರೆ ಎಡಕ್ಕೆ ವಾಲುವ ಉದಾರವಾದಿಗಳು, ತಾವು ಮುಕ್ತ ಮನಸ್ಸಿನವರು ಅಂತ ಹೇಳಿಕೊಳ್ಳುತ್ತಾರೆ. ಆದರೆ ಕಾಲೇಜಿಗೆ ಎದುರು ಅಭಿಪ್ರಾಯದವರು ಮಾತಾಡಲು ಬಂದರೆ ಕೂಗಾಡಿ ವಾಪಸ್ ಕಳಿಸುತ್ತಾರೆ. ಹಾಗಾದರೆ ನಿಜವಾದ ಸಹನೆ ಇರುವುದು ಬಲಕ್ಕೆ ವಾಲುವ ಸಂಪ್ರದಾಯವಾದಿಗಳಲ್ಲಿ, ಅಂದರೆ ಕನ್ಸರ್ವೇಟಿವ್‌ಗಳಲ್ಲೇ ಅಲ್ವಾ?

ಅಲ್ಲ. ಲಿಬರಲ್‌ಗಳಲ್ಲಿದೆ ಅಂತಲೂ ನಾನು ಹೇಳುವುದಿಲ್ಲ. ಹಾಗಂತ "ಇಬ್ಬರೂ ಒಂದೇ, ಬಿಡಿ" ಅಂತ ಕೈತೊಳೆದುಕೊಳ್ಳುವುದೂ ಸೋಮಾರಿ ಉತ್ತರ. ಯಾರನ್ನು ಸಹಿಸಬೇಕು, ಆ ಹೊತ್ತಿಗೆ ಅಧಿಕಾರ ಯಾರ ಕೈಲಿದೆ, ಈ ಎರಡನ್ನು ನೋಡದೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ ಅನ್ನುವುದು ನನ್ನ ವಾದ.

ಮೊದಲು ಒಂದು ಸಣ್ಣ ವಿಷಯ. ನಮಗೆ ತಕರಾರೇ ಇಲ್ಲದವರ ಮಾತು ಕೇಳುವುದು ಸಹನೆ ಅಲ್ಲ. ಸಲಿಂಗಿಗಳ ಬಗ್ಗೆ ಯಾವ ಬೇಸರವೂ ಇಲ್ಲದ ಲಿಬರಲ್ ಒಬ್ಬ "ಅವರು ಭಾಷಣ ಮಾಡಲಿ" ಅಂದರೆ ಅದರಲ್ಲಿ ಸಹಿಸುವುದೇನು ಬಂತು? ಚರ್ಚಿಗೆ ಹೋಗುವ ಕನ್ಸರ್ವೇಟಿವ್ ಒಬ್ಬ "ಪಾದ್ರಿಗಳಿಗೆ ವಾಕ್ ಸ್ವಾತಂತ್ರ್ಯ ಇರಲಿ" ಅಂದರೂ ಅಷ್ಟೇ. ಮೈಯೆಲ್ಲ ಉರಿಯುವಂಥ ಮಾತು ಕಿವಿಗೆ ಬಿದ್ದಾಗ ಏನು ಮಾಡುತ್ತೀರಿ ಅನ್ನುವಲ್ಲಿಂದ ಲೆಕ್ಕ ಶುರು.

ಇದು ಗೊತ್ತಿಲ್ಲದೆ ಸಮೀಕ್ಷೆಗಳನ್ನು ಓದಿದರೆ ಮೋಸ ಹೋಗುತ್ತೀರಿ. ಈ ವಿಷಯದ ದೊಡ್ಡ ಸಮೀಕ್ಷೆ ಮೊದಲು ನಡೆದದ್ದು 1954ರಲ್ಲಿ. ಮಾಡಿಸಿದವರು ಸ್ಯಾಮ್ಯುಯೆಲ್ ಸ್ಟೌಫರ್ ಎಂಬ ಸಮಾಜಶಾಸ್ತ್ರಜ್ಞ. ಸೆನೆಟರ್ ಮೆಕಾರ್ಥಿಯ ಕಮ್ಯುನಿಸ್ಟ್ ಬೇಟೆ ಜೋರಾಗಿದ್ದ ಕಾಲ ಅದು. ಪ್ರಶ್ನೆಗಳು ಸರಳ. ಒಬ್ಬ ಕಮ್ಯುನಿಸ್ಟ್ ನಿಮ್ಮ ಊರಲ್ಲಿ ಭಾಷಣ ಮಾಡಬಹುದಾ? ಕಾಲೇಜಲ್ಲಿ ಪಾಠ ಹೇಳಬಹುದಾ? ಅವನ ಪುಸ್ತಕ ಲೈಬ್ರರಿಯಲ್ಲಿ ಇರಬಹುದಾ? ದೇವರನ್ನು ನಂಬದವನ ಬಗ್ಗೆಯೂ ಇದೇ ಪ್ರಶ್ನೆಗಳು. ಕಮ್ಯುನಿಸ್ಟ್ ಭಾಷಣ ಮಾಡಲಿ ಅಂದವರು ನೂರಕ್ಕೆ ಸುಮಾರು 27 ಮಂದಿ. ನಾಸ್ತಿಕ ಮಾತಾಡಲಿ ಅಂದವರು ಸುಮಾರು 37. ಆಮೇಲೆ 1970ರ ದಶಕದಿಂದ ಇಂಥ ಪ್ರಶ್ನೆಗಳನ್ನು ಅಮೆರಿಕದಲ್ಲಿ ಮತ್ತೆ ಮತ್ತೆ ಕೇಳುತ್ತಾ ಬಂದರು. ಅಂಕಿ ಏರುತ್ತಾ ಹೋಯಿತು. ಓದಿದವರು, ಲಿಬರಲ್‌ಗಳು ಹೆಚ್ಚು ಸಹನೆ ತೋರಿಸುತ್ತಾರೆ ಅನ್ನುವ ತೀರ್ಮಾನವೂ ಗಟ್ಟಿಯಾಯಿತು.

ಆದರೆ ಪಟ್ಟಿ ನೋಡಿ. ಕಮ್ಯುನಿಸ್ಟ್, ಸೋಷಿಯಲಿಸ್ಟ್, ನಾಸ್ತಿಕ. ಯಾರಿಗೆ ಹೆಚ್ಚು ಉರಿಯುವ ಪಟ್ಟಿ ಇದು? ಕನ್ಸರ್ವೇಟಿವ್‌ಗಳಿಗೆ. ಪರೀಕ್ಷೆ ಅವರಿಗೆ ಕಷ್ಟ, ಲಿಬರಲ್‌ಗಳಿಗೆ ಸುಲಭ.

ಈ ಹುಳುಕನ್ನು ಎತ್ತಿ ತೋರಿಸಿದವರು ಜಾನ್ ಸಲಿವನ್, ಜೇಮ್ಸ್ ಪಿಯರ್ಸನ್ ಮತ್ತು ಜಾರ್ಜ್ ಮಾರ್ಕಸ್. 1979ರಲ್ಲಿ ಬಂದ ಅವರ ಲೇಖನದ ಉಪಾಯ ನನಗೆ ಇವತ್ತಿಗೂ ಬಹಳ ಇಷ್ಟ. ಪಟ್ಟಿಯನ್ನು ಸಂಶೋಧಕರು ಹೇರುವುದೇ ಬೇಡ. ಮೊದಲು "ನಿಮಗೆ ಕಂಡರಾಗದ ಗುಂಪು ಯಾವುದು?" ಅಂತ ಕೇಳಿ. ಆಮೇಲೆ ಆ ಗುಂಪು ಸಭೆ ಮಾಡಬಹುದಾ, ಚುನಾವಣೆಗೆ ನಿಲ್ಲಬಹುದಾ ಅಂತ ಕೇಳಿ. ಹೀಗೆ ಕೇಳಿದಾಗ ಅಮೆರಿಕದಲ್ಲಿ ಸಹನೆ ಬೆಳೆದಿದೆ ಅಂತ ಎಲ್ಲರೂ ಬೀಗುತ್ತಿದ್ದದ್ದು ಬಹುಮಟ್ಟಿಗೆ ಕರಗಿಹೋಯಿತು. ಜನ ದ್ವೇಷಿಸುವ ಗುಂಪು ಬದಲಾಗಿತ್ತು, ಅಷ್ಟೇ. ಹತ್ತು ಹನ್ನೆರಡು ವರ್ಷಗಳಿಂದೀಚೆಗೆ ಇನ್ನಷ್ಟು ಮನಶ್ಶಾಸ್ತ್ರಜ್ಞರು ಎಡ ಬಲ ಎರಡೂ ಕಡೆಯ ಗುಂಪುಗಳನ್ನು ಪಟ್ಟಿಗೆ ಸೇರಿಸಿ ನೋಡಿದರು. ಗರ್ಭಪಾತದ ಪರ ಹೋರಾಡುವವರು, ವಿರುದ್ಧ ಹೋರಾಡುವವರು, ಹೀಗೆ. ಲಿಬರಲ್, ಕನ್ಸರ್ವೇಟಿವ್ ಇಬ್ಬರಲ್ಲೂ ಅಸಹನೆ ಕಂಡಿತು, ಪ್ರತಿಯೊಬ್ಬರದ್ದೂ ತಮಗಾಗದವರ ಕಡೆಗೆ.

ಮೊದಲು ಹೇಳಿದ ಸಮೀಕ್ಷೆಗಳಲ್ಲಿದ್ದ ಜನಾಂಗದ್ವೇಷಿ ಭಾಷಣಕಾರನ ಪ್ರಶ್ನೆ ಇಲ್ಲಿ ಗಮನಿಸುವಂಥದ್ದು. 1970ರ ದಶಕದಿಂದೀಚೆಗೆ ನಾಸ್ತಿಕರು, ಕಮ್ಯುನಿಸ್ಟರು, ಸಲಿಂಗಿಗಳು ಎಲ್ಲರ ವಿಷಯದಲ್ಲೂ ಸಹನೆ ಏರಿತು. ಕರಿಯರು ಕೀಳು ಅನ್ನುವವನ ವಿಷಯದಲ್ಲಿ ಮಾತ್ರ ಏರಲಿಲ್ಲ. ನಿಮ್ಮ ಕಾಲೇಜು ಉದಾಹರಣೆಯ ಬೇರು ಇಲ್ಲೇ ಇದೆ ಅಂತ ನನ್ನ ಊಹೆ. ಈಗ ಓದಿದ ಲಿಬರಲ್‌ಗಳ ಪಾಲಿಗೆ ಕಷ್ಟದ ಪರೀಕ್ಷೆ ಅದೇ.

ಇನ್ನೊಂದು ಹಳೆಯ ಅಧ್ಯಯನ ನೆನಪಾಗುತ್ತದೆ. 1960ರಲ್ಲಿ ಪ್ರೋಥ್ರೋ ಮತ್ತು ಗ್ರಿಗ್ ಎಂಬಿಬ್ಬರು ಮಿಷಿಗನ್‌ನ ಆ್ಯನ್ ಆರ್ಬರ್, ಫ್ಲಾರಿಡಾದ ಟ್ಯಾಲಹಾಸಿ ಎಂಬ ಎರಡು ಊರುಗಳ ಜನರನ್ನು ಕೇಳಿದರು. ಅಲ್ಪಮತದವರಿಗೂ ತಮ್ಮ ಮಾತಿಗೆ ಬಹುಮತ ಗಳಿಸಲು ಅವಕಾಶ ಇರಬೇಕಾ? ಹೆಚ್ಚುಕಡಿಮೆ ಎಲ್ಲರೂ ಹೌದು ಅಂದರು. ಸರಿ, ಹಾಗಾದರೆ ಕಮ್ಯುನಿಸ್ಟ್ ಒಬ್ಬ ಮೇಯರ್ ಚುನಾವಣೆಗೆ ನಿಲ್ಲಬಹುದಾ? ಅಲ್ಲಿ ಒಮ್ಮತ ಮುರಿದುಬಿತ್ತು. ತತ್ವಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ. ಎದುರಿಗೆ ಒಬ್ಬ ಮನುಷ್ಯ ಬಂದು ನಿಂತಾಗ ಕಥೆ ಬೇರೆ.

ಇನ್ನು ಅಧಿಕಾರದ ವಿಷಯ. ನನಗೆ ಹೆಚ್ಚು ಹೇಳಬೇಕಿರುವುದು ಇದರ ಬಗ್ಗೆ. ಇತಿಹಾಸ ನೋಡಿದರೆ ಇದು ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುವ ಕಥೆ.

ಥಾಮಸ್ ಜೆಫರ್ಸನ್ ಅವರನ್ನೇ ತೆಗೆದುಕೊಳ್ಳಿ. 1798ರಲ್ಲಿ ಆಗಿನ ಸರ್ಕಾರ ತನ್ನನ್ನು ಟೀಕಿಸುವ ಪತ್ರಿಕೆಗಳನ್ನು ಹಣಿಯಲು ಸೆಡಿಷನ್ ಕಾಯ್ದೆ ತಂದಿತು. ಜೆಫರ್ಸನ್ ಅದನ್ನು ಬಲವಾಗಿ ವಿರೋಧಿಸಿದರು. ಅಧ್ಯಕ್ಷರಾದ ಮೇಲೆ ಅದರಡಿ ಶಿಕ್ಷೆಯಾದವರಿಗೆ ಕ್ಷಮೆ ಕೊಟ್ಟರು. ಅದೇ ಜೆಫರ್ಸನ್ 1803ರಲ್ಲಿ ಪೆನ್ಸಿಲ್ವೇನಿಯಾದ ಗವರ್ನರ್‌ಗೆ ಪತ್ರ ಬರೆದು, ಕೆಲವು ಪತ್ರಿಕೆಗಳವರ ಮೇಲೆ ಮೊಕದ್ದಮೆ ಹಾಕಿದರೆ ಒಳ್ಳೆಯದೇ ಆಗುತ್ತದೆ ಅಂತ ಸೂಚಿಸಿದರು. ಆ ಹೊತ್ತಿಗೆ ಟೀಕೆ ಬೀಳುತ್ತಿದ್ದದ್ದು ಅವರ ಮೇಲೆಯೇ!

ಇದಕ್ಕಿಂತ ಚೆನ್ನಾಗಿರುವುದು ಯೂಜಿನ್ ಡೆಬ್ಸ್ ಕಥೆ. ಡೆಬ್ಸ್ ಸೋಷಿಯಲಿಸ್ಟ್ ನಾಯಕ. 1918ರ ಜೂನ್‌ನಲ್ಲಿ ಒಹಾಯೋದ ಕ್ಯಾಂಟನ್‌ನಲ್ಲಿ ಮೊದಲ ಮಹಾಯುದ್ಧದ ವಿರುದ್ಧ ಭಾಷಣ ಮಾಡಿದರು. 10 ವರ್ಷ ಜೈಲು ಶಿಕ್ಷೆ ಆಯಿತು. ಕೇಸು ಹಾಕಿದ್ದು ಯಾರ ಸರ್ಕಾರ? ಪ್ರಗತಿಪರ ಅಂತ ಹೆಸರಾಗಿದ್ದ ವುಡ್ರೋ ವಿಲ್ಸನ್ ಸರ್ಕಾರ. ಸುಪ್ರೀಂ ಕೋರ್ಟ್ 1919ರಲ್ಲಿ ಶಿಕ್ಷೆಯನ್ನು ಒಮ್ಮತದಿಂದ ಎತ್ತಿಹಿಡಿಯಿತು. 1920ರಲ್ಲಿ ಡೆಬ್ಸ್ ಜೈಲಿಂದಲೇ ಅಧ್ಯಕ್ಷ ಚುನಾವಣೆಗೆ ನಿಂತು 9 ಲಕ್ಷಕ್ಕೂ ಹೆಚ್ಚು ಮತ ಪಡೆದರು. ಯುದ್ಧ ಮುಗಿದ ಮೇಲೂ ಡೆಬ್ಸ್ ಅವರನ್ನು ಬಿಡಲು ವಿಲ್ಸನ್ ಒಪ್ಪಲಿಲ್ಲ. ಬಿಟ್ಟದ್ದು ಆಮೇಲೆ ಬಂದ ರಿಪಬ್ಲಿಕನ್, ಪಕ್ಕಾ ಕನ್ಸರ್ವೇಟಿವ್ ವಾರೆನ್ ಹಾರ್ಡಿಂಗ್, 1921ರ ಕ್ರಿಸ್‌ಮಸ್‌ಗೆ. ಬಿಡುಗಡೆಯಾದ ಡೆಬ್ಸ್ ಶ್ವೇತಭವನಕ್ಕೆ ಹೋಗಿ ಅವರನ್ನು ಭೇಟಿ ಮಾಡಿಯೂ ಬಂದರು.

ಇದನ್ನು ಓದಿ ಕನ್ಸರ್ವೇಟಿವ್‌ಗಳು ಖುಷಿಪಡಬೇಕಾಗಿಲ್ಲ. ಮೂವತ್ತು ವರ್ಷದೊಳಗೆ ಮೆಕಾರ್ಥಿ ಬಂದರು, ಅವರು ರಿಪಬ್ಲಿಕನ್. ಅವರ ವಿರುದ್ಧ 1950ರಲ್ಲೇ ಸೆನೆಟ್‌ನಲ್ಲಿ ಎದ್ದು ನಿಂತು ಮಾತಾಡಿದ ಮಾರ್ಗರೆಟ್ ಚೇಸ್ ಸ್ಮಿತ್ ಕೂಡ ರಿಪಬ್ಲಿಕನ್. ಪಕ್ಷದ ಚೀಟಿ ನೋಡಿ ಸಹನೆ ಅಳೆಯಲು ಹೋದರೆ ಹೀಗೇ ಆಗುವುದು.

ಬಾವುಟ ಸುಡುವ ಕೇಸೂ ಹಾಗೇ. 1984ರಲ್ಲಿ ಡಲ್ಲಾಸ್‌ನಲ್ಲಿ ರಿಪಬ್ಲಿಕನ್ ಸಮಾವೇಶ ನಡೆಯುವಾಗ ಗ್ರೆಗರಿ ಜಾನ್ಸನ್ ಎಂಬವನು ಅಮೆರಿಕದ ಬಾವುಟ ಸುಟ್ಟ. ಟೆಕ್ಸಸ್ ಕಾನೂನಿನಲ್ಲಿ ಅದು ಅಪರಾಧ. 1989ರಲ್ಲಿ ಸುಪ್ರೀಂ ಕೋರ್ಟ್ 5-4ರಿಂದ ಅವನ ಪರ ತೀರ್ಪು ಕೊಟ್ಟಿತು. ಆ ಐವರಲ್ಲಿ ಆ್ಯಂಟೊನಿನ್ ಸ್ಕಾಲಿಯಾ ಇದ್ದರು, ಕನ್ಸರ್ವೇಟಿವ್‌ಗಳ ಆರಾಧ್ಯ ನ್ಯಾಯಾಧೀಶ. ವಿರುದ್ಧ ಬರೆದವರಲ್ಲಿ ಮುಂದೆ ಲಿಬರಲ್ ಬಣದ ಹಿರಿಯ ಅಂತ ಹೆಸರಾದ ಜಾನ್ ಪಾಲ್ ಸ್ಟೀವನ್ಸ್ ಇದ್ದರು. ಬಾವುಟ ಸುಡುವವರನ್ನು ಕಂಡರೆ ತನಗಾಗದು, ತಾನು ರಾಜನಾಗಿದ್ದರೆ ಒಳಗೆ ಹಾಕಿಸುತ್ತಿದ್ದೆ ಅಂತ ಸ್ಕಾಲಿಯಾ ಆಮೇಲೆ ಎಷ್ಟೋ ಸಲ ಹೇಳಿದರು. ಆದರೂ ಮತ ಹಾಕಿದ್ದು ಸುಟ್ಟವನ ಪರ. ನಾನು ಸಹನೆ ಅನ್ನುವುದು ಇದನ್ನು.

ಅದೇ ತೂಕದ್ದು ಸ್ಕೋಕಿಯ ಕೇಸು. ಷಿಕಾಗೋ ಪಕ್ಕದ ಈ ಊರಲ್ಲಿ ಯಹೂದಿಗಳು ಬಹಳ. ಹಿಟ್ಲರನ ಕ್ಯಾಂಪುಗಳಿಂದ ಬದುಕಿ ಬಂದವರೂ ಅವರಲ್ಲಿದ್ದರು. 1977ರಲ್ಲಿ ಅಮೆರಿಕದ ಒಂದು ನಾಜಿ ಗುಂಪು ಅಲ್ಲೇ ಮೆರವಣಿಗೆ ಮಾಡುತ್ತೇವೆ ಅಂತ ಹೊರಟಿತು. ಊರಿನವರು ತಡೆದರು. ನಾಜಿಗಳ ಪರ ಕೋರ್ಟಿಗೆ ಹೋದದ್ದು ಎಸಿಎಲ್‌ಯು, ನಾಗರಿಕ ಹಕ್ಕುಗಳಿಗೆ ಹೋರಾಡುವ, ಲಿಬರಲ್‌ಗಳೇ ತುಂಬಿದ್ದ ಸಂಸ್ಥೆ. ವಾದ ಮಾಡಿದ ವಕೀಲ ಡೇವಿಡ್ ಗೋಲ್ಡ್‌ಬರ್ಗರ್ ಯಹೂದಿ. ಆಗ ಸಂಸ್ಥೆ ನಡೆಸುತ್ತಿದ್ದ ಆರ್ಯೆ ನೈಯರ್ ಬರ್ಲಿನ್‌ನಲ್ಲಿ ಹುಟ್ಟಿ, ಮಗುವಾಗಿದ್ದಾಗ ನಾಜಿಗಳಿಂದ ತಪ್ಪಿಸಿಕೊಂಡು ಬಂದವರು. ಸಾವಿರಾರು ಸದಸ್ಯರು ಸಿಟ್ಟಾಗಿ ಸಂಸ್ಥೆ ಬಿಟ್ಟರು. ಕೇಸು ಗೆದ್ದಿತು. ಕೊನೆಗೆ ನಾಜಿಗಳು ಸ್ಕೋಕಿಗೆ ಹೋಗಲೇ ಇಲ್ಲ, ಷಿಕಾಗೋದಲ್ಲಿ ಸಭೆ ಮಾಡಿ ಮುಗಿಸಿದರು.

ಈಗ ನಿಮ್ಮ ಕಾಲೇಜು ಉದಾಹರಣೆ. ನೀವು ಹೇಳಿದ್ದು ಸುಳ್ಳಲ್ಲ. 1964ರಲ್ಲಿ ವಾಕ್ ಸ್ವಾತಂತ್ರ್ಯದ ಚಳವಳಿಯೇ ಹುಟ್ಟಿದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ, 2017ರ ಫೆಬ್ರವರಿಯಲ್ಲಿ ಕೆಣಕುವ ಮಾತಿಗೆ ಹೆಸರಾದ ಬಲಪಂಥೀಯ ಮೈಲೋ ಯಿಯಾನೋಪೌಲಸ್ ಅವರ ಭಾಷಣ ಗಲಾಟೆ, ಬೆಂಕಿ ನಡುವೆ ರದ್ದಾಯಿತು. ಆ ಮನುಷ್ಯನ ಮಾತಲ್ಲಿ ಸತ್ವ ಇತ್ತು ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಕೇಳಲು ಬಂದವರ ಹಕ್ಕು ಕಿತ್ತುಕೊಂಡದ್ದು ನಿಜ. ಇಂಥ ಕಡೆ ಕೆಲವರು ತತ್ವಜ್ಞಾನಿ ಕಾರ್ಲ್ ಪಾಪರ್ ಹೆಸರು ತರುತ್ತಾರೆ. ಅಸಹನೆಯನ್ನು ಸಹಿಸಬಾರದು ಅಂತ ಅವರೇ ಹೇಳಿಲ್ವಾ ಅಂತ. ಹೇಳಿದ್ದಾರೆ, 1945ರಲ್ಲಿ, ಒಂದು ಅಡಿಟಿಪ್ಪಣಿಯಲ್ಲಿ. ಅದೇ ಟಿಪ್ಪಣಿಯಲ್ಲಿ, ವಾದದಿಂದ ಎದುರಿಸಲು ಆಗುವವರೆಗೆ ಬಾಯಿ ಮುಚ್ಚಿಸುವುದು ಜಾಣತನವಲ್ಲ ಅಂತಲೂ ಇದೆ. ಆ ಅರ್ಧ ಯಾರ ಪೋಸ್ಟರ್‌ನಲ್ಲೂ ಕಾಣುವುದಿಲ್ಲ.

ಹಾಗಿದ್ದರೂ ಒಂದು ವ್ಯತ್ಯಾಸ ಬಿಡಬಾರದು. ವಿದ್ಯಾರ್ಥಿಗಳು ಕೂಗಿ ಭಾಷಣ ನಿಲ್ಲಿಸುವುದು ಬೇರೆ, ಸರ್ಕಾರ ಕಾನೂನು ತಂದು ನಿಲ್ಲಿಸುವುದು ಬೇರೆ. ಎರಡೂ ತಪ್ಪು, ಎರಡನೆಯದು ದೊಡ್ಡ ತಪ್ಪು. 2022ರಲ್ಲಿ ರಿಪಬ್ಲಿಕನ್ ಆಡಳಿತದ ಫ್ಲಾರಿಡಾ, ಜನಾಂಗದ ಬಗೆಗಿನ ಕೆಲವು ವಿಚಾರಗಳನ್ನು ಸರ್ಕಾರಿ ವಿಶ್ವವಿದ್ಯಾಲಯಗಳ ತರಗತಿಯಲ್ಲಿ ಸಮರ್ಥಿಸಬಾರದು ಅಂತ ಕಾನೂನು ಮಾಡಿತು. ಅದೇ ವರ್ಷ ಒಬ್ಬ ಫೆಡರಲ್ ನ್ಯಾಯಾಧೀಶರು ಅದನ್ನು ತಡೆದರು. ಕ್ಯಾಂಪಸ್ಸಲ್ಲಿ ವಾಕ್ ಸ್ವಾತಂತ್ರ್ಯ ಬೇಕು ಅಂತ ಕೂಗುತ್ತಿದ್ದ ಎಷ್ಟೋ ಮಂದಿ ಈ ಕಾನೂನಿಗೆ ಚಪ್ಪಾಳೆ ತಟ್ಟಿದ್ದರು. ನಿಮ್ಮ ಪ್ರಶ್ನೆಯಲ್ಲಿ ಈ ಕಡೆಯ ಲೆಕ್ಕ ಬಿಟ್ಟುಹೋಗಿತ್ತು, ಅದಕ್ಕೇ ಹೇಳಿದೆ.

ಸಹನೆ ಯಾವ ಪಾಳೆಯದ ಸೊತ್ತೂ ಅಲ್ಲದಿದ್ದರೆ ಅದು ಉಳಿದಿರುವುದು ಎಲ್ಲಿ ಅಂತ ನೀವು ಕೇಳಬಹುದು. ನನಗೆ ಕಾಣುವಂತೆ, ತಮ್ಮದೇ ಪಾಳೆಯದವರ ಬೈಗುಳ ತಿಂದು ಕೆಲಸ ಮಾಡುವ ಸ್ವಲ್ಪ ಜನರಲ್ಲಿ, ಮತ್ತು ಕೆಲವು ನಿಯಮಗಳಲ್ಲಿ. ತೀರಾ ಹಳೆಯ ಉದಾಹರಣೆಗಳೇ ಆದವು ಅನ್ನಿಸಿದರೆ 2024ರ ಒಂದು ಕೇಸು ನೋಡಿ. ನ್ಯೂಯಾರ್ಕ್ ರಾಜ್ಯದ ಹಣಕಾಸು ನಿಯಂತ್ರಣ ಅಧಿಕಾರಿಯೊಬ್ಬರು, ಬಂದೂಕು ಪರ ಸಂಘಟನೆಯಾದ ಎನ್‌ಆರ್‌ಎ ಜೊತೆ ವ್ಯವಹಾರ ಬಿಡುವಂತೆ ವಿಮಾ ಕಂಪನಿಗಳ ಮೇಲೆ ಒತ್ತಡ ಹಾಕಿದರು ಅನ್ನುವುದು ದೂರು. ಸುಪ್ರೀಂ ಕೋರ್ಟಲ್ಲಿ ಎನ್‌ಆರ್‌ಎ ಪರ ನಿಂತದ್ದು ಅದೇ ಎಸಿಎಲ್‌ಯು, ಬಂದೂಕಿನ ವಿಷಯದಲ್ಲಿ ಎನ್‌ಆರ್‌ಎ ಜೊತೆ ಕಿಂಚಿತ್ತೂ ಹೊಂದದ ಸಂಸ್ಥೆ. ದೂರು ನಿಜವಾದರೆ ಅದು ವಾಕ್ ಸ್ವಾತಂತ್ರ್ಯದ ಉಲ್ಲಂಘನೆ, ಕೇಸು ಮುಂದುವರಿಯಬಹುದು ಅಂತ ಒಂಬತ್ತೂ ನ್ಯಾಯಾಧೀಶರು ಹೇಳಿದರು. ತೀರ್ಪು ಬರೆದವರು ಕೋರ್ಟಿನ ಲಿಬರಲ್ ಬಣದ ಸೋನಿಯಾ ಸೊಟೊಮಯೋರ್.