ಬಾರ್‌ಬೆಲ್ ಸ್ಕ್ವಾಟ್ ಮಾಡುವಾಗ ಸೊಂಟ ನೋಯುತ್ತದೆ, ಬಿಟ್ಟುಬಿಡಬೇಕೇ?

ನಿಮಗೆ 26 ವರ್ಷ, ಹುಡುಗನಾಗಿದ್ದಾಗ ಗರಡಿಯಲ್ಲಿ ಬಿಡದೆ ನೂರು ಬಸ್ಕಿ ಹೊಡೆದವರು, ಆದರೆ ಈಗ ಜಿಮ್‌ನಲ್ಲಿ ಹೆಗಲ ಮೇಲೆ ಬಾರ್ ಹೊತ್ತು ಕುಳಿತೇಳುವ ಸ್ಕ್ವಾಟ್ ಮಾಡುವಾಗ 60 ಕೆ.ಜಿ. ದಾಟಿದರೆ ಸೊಂಟ ಹಿಡಿದುಕೊಳ್ಳುತ್ತದೆ, ಸ್ಕ್ವಾಟ್ ನಿಲ್ಲಿಸಿಬಿಡಲೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ. ದಾವಣಗೆರೆ ಎಪಿಎಂಸಿಯ ದಲ್ಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು, ಹನ್ನೊಂದು ವರ್ಷಗಳಿಂದ ಬಾರ್ ಎತ್ತುತ್ತಿರುವವನು, ಇದೇ ನೋವನ್ನು ಎಂಟು ತಿಂಗಳು ಅನುಭವಿಸಿ ವಾಸಿ ಮಾಡಿಕೊಂಡವನು. ನಿಲ್ಲಿಸಬೇಕಾಗಿಲ್ಲ ಎಂಬುದೇ ನನ್ನ ಉತ್ತರ. ಆದರೆ ನಿಮ್ಮ ಸೊಂಟ ಎಷ್ಟು ಆಳದವರೆಗೆ ಬಾಗದೆ ಇರುತ್ತದೆ ಎಂಬುದನ್ನು ಕಣ್ಣಾರೆ ನೋಡಿಕೊಳ್ಳುವವರೆಗೆ ಬಾರ್‌ಗೆ ಇನ್ನೊಂದು ತೂಕದ ಪ್ಲೇಟನ್ನೂ ಹಾಕಬೇಡಿ.

ಮೊದಲು ಒಂದು ಎಚ್ಚರಿಕೆ. ನೋವು ಪೃಷ್ಠವನ್ನು ದಾಟಿ ಮೊಣಕಾಲಿನ ಕೆಳಗೆ ಇಳಿಯುತ್ತಿದ್ದರೆ, ಪಾದ ಜೋಮು ಹಿಡಿಯುತ್ತಿದ್ದರೆ, ನಡೆಯುವಾಗ ಒಂದೇ ಕಾಲಿನ ಚಪ್ಪಲಿ ತಾನಾಗಿ ಕಳಚಿ ಬೀಳುತ್ತಿದ್ದರೆ, ಅದು ನರದ ಮೇಲೆ ಒತ್ತಡ ಬಿದ್ದಿರುವ ಸೂಚನೆಯಾಗಿರಬಹುದು. ಮೂಳೆ ವೈದ್ಯರಿಗೆ ತೋರಿಸದೆ ಜಿಮ್‌ಗೆ ಹೋಗಬೇಡಿ. ತೊಡೆಸಂದು ಮತ್ತು ಗುದದ ಸುತ್ತ ಸ್ಪರ್ಶಜ್ಞಾನ ಕಡಿಮೆಯಾದರೆ, ಅಥವಾ ಮೂತ್ರ ಕಟ್ಟಿಕೊಂಡರೆ ಇಲ್ಲವೇ ಹಿಡಿತ ತಪ್ಪಿದರೆ, ಬೆಳಗಾಗುವವರೆಗೂ ಕಾಯದೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಂತಹ ದೊಡ್ಡ ಆಸ್ಪತ್ರೆಗೆ ಹೊರಡಿ. ಇವು ಯಾವುವೂ ಇಲ್ಲದೆ ಸೊಂಟದಲ್ಲಷ್ಟೇ ಬಿಗಿತವೂ ನೋವೂ ಇದ್ದರೆ, ಬಹುಪಾಲು ಜನರಲ್ಲಿ ಅದು ಕೆಲವು ವಾರಗಳಲ್ಲಿ ಇಳಿಯುತ್ತದೆ. ಹಾಸಿಗೆ ಹಿಡಿದು ಮಲಗುವುದಕ್ಕಿಂತ ದಿನವೂ ನಡೆಯುವುದೇ ಮೇಲು. ಎಂಆರ್‌ಐ ವರದಿಯಲ್ಲಿ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ ಎಂದು ಬಂದ ಮಾತ್ರಕ್ಕೆ ಎದೆಗುಂದಬೇಡಿ. 2015ರಲ್ಲಿ ಪ್ರಕಟವಾದ ಅಧ್ಯಯನಗಳ ಸಮೀಕ್ಷೆಯೊಂದರ ಪ್ರಕಾರ, ಯಾವ ನೋವೂ ಇಲ್ಲದ 20 ವರ್ಷದವರಲ್ಲೇ ಸುಮಾರು ಶೇ. 30ರಷ್ಟು ಮಂದಿಗೆ ಅಂತಹ ಉಬ್ಬು ಕಂಡುಬರುತ್ತದೆ.

ಇನ್ನು ನೂರು ಬಸ್ಕಿಯ ಸೊಂಟ 60 ಕೆ.ಜಿ.ಗೆ ಏಕೆ ಸೋಲುತ್ತದೆ ಎಂಬ ವಿಷಯ. ಬಸ್ಕಿಯಲ್ಲಿ ಕೆಳಗಿಳಿಯುವಾಗ ಹಿಮ್ಮಡಿ ಮೇಲೇಳುತ್ತದೆ, ಮೊಣಕಾಲು ಎಷ್ಟು ಬೇಕಾದರೂ ಮುಂದೆ ಹೋಗುತ್ತದೆ, ಹಾಗಾಗಿ ಮೈ ನೆಟ್ಟಗೆ ನಿಲ್ಲುತ್ತದೆ. ಬಾರ್ ಹೊತ್ತಾಗ ಹಿಮ್ಮಡಿ ನೆಲ ಬಿಡುವಂತಿಲ್ಲ. ಆಗ ಕಾಲಿನ ಗಿಣ್ಣು ಸಾಕಷ್ಟು ಬಾಗದಿದ್ದರೆ ಮೈ ಮುಂದಕ್ಕೆ ವಾಲಲೇಬೇಕು, ವಾಲಿದಷ್ಟೂ ಹೊರೆ ಸೊಂಟದ ಮೇಲೆ ಬೀಳುತ್ತದೆ. ಪರೀಕ್ಷೆ ಸುಲಭ: ಹೆಬ್ಬೆರಳು ಗೋಡೆಯಿಂದ ಸುಮಾರು 10 ಸೆಂ.ಮೀ. ದೂರವಿರುವಂತೆ ಪಾದವಿಟ್ಟು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಿ ನೋಡಿ. ಮುಟ್ಟದಿದ್ದರೆ, ಗಿಣ್ಣು ಸಡಿಲವಾಗುವವರೆಗೆ ಹಿಮ್ಮಡಿಗಳ ಕೆಳಗೆ 2.5 ಕೆ.ಜಿ.ಯ ಸಣ್ಣ ಪ್ಲೇಟುಗಳನ್ನು ಇಟ್ಟುಕೊಂಡು ಮಾಡಿ. ಮೆತ್ತನೆಯ ಓಟದ ಶೂಗಳನ್ನು ಮಾತ್ರ ಬಿಟ್ಟುಬಿಡಿ.

ಎರಡನೆಯ ಕಾರಣ ಆಳ. ನನಗೆ ಕಲಿಸುತ್ತಿದ್ದವರು ಪ್ರತಿ ಸಲವೂ ಇನ್ನೂ ಕೆಳಗೆ, ಇನ್ನೂ ಕೆಳಗೆ ಎಂದು ಹೇಳುತ್ತಿದ್ದರು. ನಾನೂ ಹೆಮ್ಮೆಯಿಂದ ಇಳಿಯುತ್ತಿದ್ದೆ. ಒಂದು ದಿನ 90 ಕೆ.ಜಿ.ಯ ಮೂರನೆಯ ಸಲ ತಳದಿಂದ ಏಳುವಾಗ ಸೊಂಟದ ಎಡಭಾಗದಲ್ಲಿ ಹಗ್ಗ ಬಿಗಿದಂತಾಯಿತು. ಆ ಸಂಜೆ ಕೂತು ಶೂ ಲೇಸು ಬಿಚ್ಚಲೂ ಆಗಲಿಲ್ಲ. ಮೂರು ವಾರಗಳ ನಂತರ ಗೆಳೆಯನೊಬ್ಬ ಸೊಂಟದ ಎತ್ತರದಲ್ಲಿ ಮೊಬೈಲ್ ಹಿಡಿದು, ಬರಿಯ ಬಾರ್ ಹೊತ್ತ ನನ್ನನ್ನು ಪಕ್ಕದಿಂದ ಚಿತ್ರೀಕರಿಸಿದ. ತೊಡೆ ನೆಲಕ್ಕೆ ಸಮಾನಾಂತರವಾಗುವವರೆಗೂ ಬನಿಯನ್ನಿನ ಬೆನ್ನಿನ ಗೆರೆ ನೆಟ್ಟಗೇ ಇತ್ತು. ಅಲ್ಲಿಂದ ನಾಲ್ಕು ಬೆರಳು ಕೆಳಗಿಳಿದಾಗ ಬಾಲಮೂಳೆ ಒಳಕ್ಕೆ ಮಡಚಿಕೊಂಡು ಸೊಂಟ ಬಿಲ್ಲಿನಂತೆ ಬಾಗಿತು. ಜಿಮ್‌ನವರು ಇದನ್ನು ಬಟ್ ವಿಂಕ್ ಎನ್ನುತ್ತಾರೆ. ಸ್ವಲ್ಪ ಬಾಗಿದರೆ ಎಲ್ಲರಿಗೂ ತೊಂದರೆಯಾಗುತ್ತದೆ ಎಂದೇನಿಲ್ಲ, ಆದರೆ ಈಗಾಗಲೇ ನೋಯುತ್ತಿರುವ ಸೊಂಟಕ್ಕೆ ಹೊರೆಯ ಸಮೇತ ಹಾಗೆ ಬಾಗುವುದು ಹುಣ್ಣನ್ನು ಕೆದಕಿದಂತೆ. ನೀವೂ ಚಿತ್ರೀಕರಿಸಿಕೊಂಡು, ಬಾಗುವ ಬಿಂದುವಿಗಿಂತ ಎರಡು ಬೆರಳು ಮೇಲಕ್ಕೇ ನಿಲ್ಲಿಸಿ. ಪಾದಗಳನ್ನು ಇನ್ನಷ್ಟು ಅಗಲಿಸಿ ಹೊರಮುಖವಾಗಿ ತಿರುಗಿಸಿದರೆ ಕೆಲವರಿಗೆ ಆ ಬಿಂದುವೇ ಕೆಳಗೆ ಹೋಗುತ್ತದೆ, ಏಕೆಂದರೆ ತೊಡೆಮೂಳೆ ಕೂರುವ ಗುಳಿಯ ಆಕಾರ ಒಬ್ಬೊಬ್ಬರದು ಒಂದೊಂದು ತರಹ. ಅದೇ ಚಿತ್ರದಲ್ಲಿ ಇನ್ನೊಂದನ್ನೂ ಗಮನಿಸಿ: ಏಳುವಾಗ ಪೃಷ್ಠ ಮೊದಲು ಮೇಲೆದ್ದು ಎದೆ ಹಿಂದೆಯೇ ಉಳಿಯುತ್ತಿದ್ದರೆ, ಆ ತೂಕ ನಿಮ್ಮ ತೊಡೆಗಳಿಗೆ ಸದ್ಯಕ್ಕೆ ಹೆಚ್ಚಾಗಿದೆ.

ಉಸಿರಿನ ವಿಷಯವನ್ನು ನಾನು ಕಲಿತದ್ದು ಅಂಗಡಿಯ ಮುಂದೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಲಾರಿಗೆ ಚೀಲ ಏರಿಸುವ ಹಿರಿಯ ಹಮಾಲರೊಬ್ಬರು ಸೊಂಟಕ್ಕೆ ಟವೆಲನ್ನು ಎರಡು ಸುತ್ತು ಬಿಗಿದು, ಚೀಲ ಬೆನ್ನಿಗೆ ಬೀಳುವ ಮೊದಲೇ ಉಸಿರೆಳೆದು ಹೊಟ್ಟೆಯನ್ನು ಆ ಟವೆಲಿಗೆ ಒತ್ತಿ ಹಿಡಿಯುತ್ತಾರೆ. ಚೀಲ ಬಿದ್ದಾಗ ಅವರ ನಡು ಒಂದಿಷ್ಟೂ ಕುಸಿಯುವುದಿಲ್ಲ. ಗಾಳಿ ತುಂಬಿದ ಟ್ಯೂಬಿನಂತೆ ಹೊಟ್ಟೆಯೊಳಗಿನ ಒತ್ತಡವು ಬೆನ್ನುಮೂಳೆಗೆ ಮುಂದಿನಿಂದ ಆಸರೆಯಾಗುತ್ತದೆ. ಜಿಮ್ ಬೆಲ್ಟಿನ ಕೆಲಸವೂ ಇಷ್ಟೇ. ಹೊಟ್ಟೆಯಿಂದ ಅದನ್ನು ಒತ್ತಲು ಬಾರದವರಿಗೆ ಬೆಲ್ಟು ಕಟ್ಟಿಯೂ ಹೆಚ್ಚಿನ ಪ್ರಯೋಜನವಿಲ್ಲ. ನಿಂತುಕೊಂಡು ಪಕ್ಕೆಲುಬಿನ ಕೆಳಗಿನ ಮೃದು ಭಾಗವನ್ನು ಎರಡೂ ಕೈಗಳಿಂದ ಹಿಡಿದು, ಎದೆ ಮೇಲೇಳದಂತೆ ಉಸಿರೆಳೆದು ಬೆರಳುಗಳನ್ನು ಹೊರಕ್ಕೆ ತಳ್ಳಿ ನೋಡಿ. ಪ್ರತಿ ಸಲ ಇಳಿಯುವ ಮೊದಲು ಹೀಗೆ ಹಿಡಿದು, ಎದ್ದ ಮೇಲೆ ಬಿಡಿ. ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ಉಸಿರು ಬಿಗಿಹಿಡಿಯಬಾರದು.

ಮರಳಿ ಶುರುಮಾಡುವಾಗ ನನಗೆ ಹೊಂದಿದ ಕ್ರಮ ಇದು. ನೋವು ಇಳಿಯತೊಡಗಿದ ಮೇಲೆ 8 ಅಥವಾ 10 ಕೆ.ಜಿ.ಯ ಡಂಬೆಲನ್ನು ಎದೆಗೆ ಹಿಡಿದು, ಹಿಂದೊಂದು ಬೆಂಚು ಇಟ್ಟುಕೊಂಡು, ಮೂರು ಎಣಿಸುತ್ತಾ ಇಳಿದು ಬೆಂಚನ್ನು ಮುಟ್ಟಿ ಏಳುತ್ತಿದ್ದೆ. ತೂಕ ಮುಂದೆ ಇರುವುದರಿಂದ ಮೈ ನೆಟ್ಟಗಿರುತ್ತದೆ. ಜೊತೆಗೆ ಕೆನಡಾದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಹೇಳಿಕೊಟ್ಟ ಮೂರು ವ್ಯಾಯಾಮಗಳಾದ ಕರ್ಲ್ ಅಪ್ (ಅಂಗಾತ ಮಲಗಿ ತಲೆ, ಭುಜಗಳನ್ನು ಸ್ವಲ್ಪವೇ ಎತ್ತುವುದು), ಸೈಡ್ ಪ್ಲ್ಯಾಂಕ್ (ಪಕ್ಕಕ್ಕೆ ಮಲಗಿ ಮೊಣಕೈ ಊರಿ ಸೊಂಟ ಎತ್ತಿ ಹಿಡಿಯುವುದು), ಬರ್ಡ್ ಡಾಗ್ (ಕೈ, ಮೊಣಕಾಲು ಊರಿ ಒಂದು ಕೈಯನ್ನೂ ಎದುರು ಬದಿಯ ಕಾಲನ್ನೂ ಚಾಚುವುದು) ಇವುಗಳನ್ನು ತಲಾ ಹತ್ತು ಸೆಕೆಂಡು ಹಿಡಿದು ದಿನವೂ ಮಾಡಿದೆ. ಆಮೇಲೆ 20 ಕೆ.ಜಿ.ಯ ಬರಿಯ ಬಾರ್, ಅಲ್ಲಿಂದ ವಾರಕ್ಕೆ 2.5 ಕೆ.ಜಿ. ಹೀಗೆ ಹೋದರೆ ನೀವು 60 ತಲುಪಲು ಹದಿನಾರು ವಾರ ಬೇಕು, ದಯವಿಟ್ಟು ಅವಸರ ಮಾಡಬೇಡಿ. ತೂಕ ಏರಿಸುವುದನ್ನು ಜಿಮ್‌ನಲ್ಲಿ ನಿರ್ಧರಿಸದೆ ಮರುದಿನ ಬೆಳಿಗ್ಗೆ ನಿರ್ಧರಿಸಿ: ಸೊಂಟ ಹಿಂದಿನ ದಿನಕ್ಕಿಂತ ಬಿಗಿಯಾಗಿದ್ದರೆ ಅದೇ ತೂಕವನ್ನು ಇನ್ನೊಂದು ವಾರ ಮಾಡಿ. ಎದ್ದ ಕೂಡಲೇ ಭಾರ ಎತ್ತಲು ಹೋಗಬೇಡಿ; ರಾತ್ರಿಯಿಡೀ ನೀರು ಹೀರಿದ ಡಿಸ್ಕ್‌ಗಳು ಆಗ ಬಿಗಿದುಕೊಂಡಿರುತ್ತವೆ, ಒಂದು ಗಂಟೆಯಾದರೂ ಓಡಾಡಿ ಹೋಗಿ. ಸ್ಕ್ವಾಟನ್ನು ಅಷ್ಟು ಜೋಪಾನವಾಗಿ ಮುಗಿಸಿದವರೂ ಕೊನೆಗೆ ಬೆನ್ನು ಬಗ್ಗಿಸಿ ನೆಲದ ಮೇಲಿನ 20 ಕೆ.ಜಿ. ಪ್ಲೇಟನ್ನು ಒಂದೇ ಕೈಯಲ್ಲಿ ಎಳೆಯುವುದನ್ನು ನಾನು ದಿನವೂ ನೋಡುತ್ತೇನೆ. ಅದನ್ನೂ ಕುಳಿತು, ಉಸಿರು ಹಿಡಿದು, ಎರಡೂ ಕೈಗಳಿಂದ ಎತ್ತಿ.