ಎರಡು ದಿನ ಮಾತ್ರೆ ತಪ್ಪೋಯ್ತು, ಮಗುಗೆ ಹಾಲು ನಿಲ್ಲಿಸ್ಬಿಡ್ಲಾ ಡಾಕ್ಟ್ರೇ?

ಪ್ರಶ್ನೆ: ನಂಗೆ ಎಚ್‌ಐವಿ ಇದೆ, ನಾಲ್ಕು ವರ್ಷದಿಂದ ಎಆರ್‌ಟಿ (ಎಚ್‌ಐವಿ ಹತೋಟೀಲಿಡೋ ಮಾತ್ರೆ) ತಗೋತಿದೀನಿ. ಬಸುರಿ ಇದ್ದಾಗ ವೈರಲ್ ಲೋಡ್ (ರಕ್ತದಲ್ಲಿರೋ ವೈರಸ್ ಪ್ರಮಾಣ) ಟೆಸ್ಟಲ್ಲಿ ಕಾಣದಷ್ಟು ಕಮ್ಮಿ ಇತ್ತು. ಈಗ ಮಗುಗೆ ಎರಡು ತಿಂಗಳು, ಬರೀ ಎದೆಹಾಲು. ರಾತ್ರಿ ಮಾತ್ರೆ ಆಗಾಗ ಮರೆತೋಗತ್ತೆ, ಕಳೆದ ವಾರ ಸತತ ಎರಡು ದಿನ ತಪ್ಪೋಯ್ತು. ಮನೇಲಿ ಗಂಡನ್ನ ಬಿಟ್ರೆ ಯಾರಿಗೂ ವಿಷಯ ಗೊತ್ತಿಲ್ಲ. ಭಯ ಆಗ್ತಿದೆ.

ಉತ್ತರ: ನೋಡಮ್ಮಾ, ಗಾಬರೀಲಿ ಒಂದೇ ಏಟಿಗೆ ಹಾಲು ಬಿಡಿಸೋ ಕೆಲ್ಸ ಮಾತ್ರ ಮಾಡ್ಬೇಡಿ. ಹಾಗೆ ದಿಢೀರ್ ಅಂತ ನಿಲ್ಲಿಸಿದ್ರೆ ಎದೆ ಬಿಗಿದು ಹಾಲಲ್ಲಿ ವೈರಸ್ ಇನ್ನೂ ಜಾಸ್ತಿ ಆಗ್ಬಹುದು, ಬಿಡಿಸೋದೇ ಆದ್ರೂ ಒಂದು ತಿಂಗಳು ಹಿಡಿದು ನಿಧಾನಕ್ಕೆ ಬಿಡಿಸಿ ಅಂತಾನೇ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು. ಮಾತ್ರೆ ಇವತ್ತಿಂದ್ಲೇ ಶುರು ಮಾಡಿ, ಮತ್ತೆ ನಾಳೆ ನಾಡಿದ್ದು ಅನ್ನದೆ ಎಆರ್‌ಟಿ ಕೊಡೋ ಡಾಕ್ಟರ್ ಹತ್ರ ಹೋಗಿ ಎಷ್ಟು ದಿನ ತಪ್ಪಿದೆ ಅಂತ ಮುಚ್ಚಿಡದೆ ಹೇಳಿ. ವೈರಲ್ ಲೋಡ್ ಟೆಸ್ಟ್ ಮಾಡಿಸ್ಬೇಕು, ಮಗುಗೆ ಸೋಂಕು ತಗಲದ ಹಾಗೆ ಕೊಡೋ ನೆವಿರಪಿನ್ ಸಿರಪ್ ಮತ್ತೆ ಬೇಕಾ ಅಂತ ಕೇಳ್ಬೇಕು (ಸಾಮಾನ್ಯವಾಗಿ ಆರು ವಾರ ಕೊಡ್ತಾರೆ, ರಿಸ್ಕ್ ಜಾಸ್ತಿ ಅನ್ಸಿದ್ರೆ ಹನ್ನೆರಡು). ರಿಪೋರ್ಟ್ ಬರೋವರೆಗೆ ಬೇರೆ ಹಾಲು ಕೊಡಿ ಅಂತ ಡಾಕ್ಟರ್ ಹೇಳಿದ್ರೆ ನಿಮ್ಮ ಹಾಲನ್ನ ಹಿಂಡಿ ಚೆಲ್ತಾ ಇರಿ, ಆಗ ಬತ್ತಿ ಹೋಗಲ್ಲ.

ಭಯ ಎಷ್ಟು ಪಡ್ಬೇಕು ಅನ್ನೋದಕ್ಕೆ ಲೆಕ್ಕ ಇದೆ. ತಾಯಿ ಮಾತ್ರೆಯನ್ನೇ ತಗೊಳ್ಳದಿದ್ರೆ ಎದೆಹಾಲಿಂದ ಮಗುಗೆ ಸೋಂಕು ತಗಲೋ ಸಾಧ್ಯತೆ 5ರಿಂದ 20%. ದಿನಾ ತಪ್ಪದೆ ತಗೊಂಡು ವೈರಲ್ ಲೋಡ್ ಕಾಣದಷ್ಟು ಕಮ್ಮಿ ಇದ್ರೆ 1%ಗಿಂತ ಕಮ್ಮಿ. ಸೊನ್ನೆ ಅಲ್ಲ, ಅದನ್ನೂ ಹೇಳ್ಬೇಕು: ವೈರಲ್ ಲೋಡ್ ಕಾಣದಿದ್ರೆ ಸೆಕ್ಸಿಂದ ಹರಡಲ್ಲ ಅಂತಾರಲ್ಲ, ಆ ಪೂರ್ತಿ ಗ್ಯಾರಂಟಿ ಹಾಲಿಗೆ ಸಿಗಲ್ಲ. ಒಂದು ಡೋಸ್ ತಪ್ಪಿದ್ ಮಾತ್ರಕ್ಕೆ ವೈರಸ್ ಎದ್ದು ಕೂರಲ್ಲ, ಆದ್ರೆ ನಿಮ್ಮದು "ಆಗಾಗ" ಅಂದ್ರಲ್ಲ, ನಂಗೆ ಚಿಂತೆ ಇರೋದು ಅಲ್ಲೇ.

ನೀವೊಬ್ರೇ ಅಲ್ಲ ಬಿಡಿ. 2012ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದಾಗ ಬಸುರಿ ಇದ್ದಾಗ ಸರಿಯಾಗಿ ಮಾತ್ರೆ ತಗೋತಿದ್ದವರು ಸುಮಾರು 76%, ಹೆರಿಗೆ ಆದ್ಮೇಲೆ 53%. ನಿದ್ದೆ ಇಲ್ಲ, ಮೈಯಲ್ಲಿ ಶಕ್ತಿ ಇಲ್ಲ, ಎಲ್ರೂ ಮಗುನೇ ವಿಚಾರಿಸ್ತಾರೆ, ತಾಯಿ ಮಾತ್ರೆ ನುಂಗಿದ್ಲಾ ಅಂತ ಕೇಳೋರು ಯಾರು?

ಅದಕ್ಕೇ ರಾತ್ರಿ ಟೈಮ್ ಬಿಡಿ. ಡಾಕ್ಟರನ್ನ ಕೇಳಿ ಬೆಳಿಗ್ಗೆಗೆ ಬದಲಾಯಿಸ್ಕೊಳ್ಳಿ, ಫೋನಲ್ಲಿ ಅಲಾರಾಂ ಇಡಿ, ಗಂಡನಿಗೆ ವಿಷಯ ಗೊತ್ತಿರೋದು ದೊಡ್ಡ ಅನುಕೂಲ, ನೆನಪು ಮಾಡೋ ಕೆಲ್ಸ ಅವರಿಗೇ ವಹಿಸಿ. ಲೇಬಲ್ ಇಲ್ಲದ ಡಬ್ಬೀಲಿ ವಾರದ ಮಾತ್ರೆ ಹಾಕಿಟ್ರೆ ಯಾರೂ ಏನೂ ಕೇಳಲ್ಲ, ಕೇಳಿದ್ರೂ ಬಾಣಂತಿ ಮಾತ್ರೆ ಅಂದ್ರಾಯ್ತು. ನಿಮ್ಮದು ಡೊಲುಟೆಗ್ರಾವಿರ್ (ಒಂದು ಎಚ್‌ಐವಿ ಔಷಧಿ) ಇರೋ ಮಾತ್ರೆ ಆದ್ರೆ, ನೆನಪಾದಾಗ ಮುಂದಿನ ಡೋಸಿಗೆ ನಾಲ್ಕು ಗಂಟೆಗಿಂತ ಜಾಸ್ತಿ ಇದ್ರೆ ಆಗ್ಲೇ ನುಂಗಿ, ಇಲ್ಲಾಂದ್ರೆ ಮುಂದಿನದನ್ನ ಟೈಮಿಗೆ ತಗೊಳ್ಳಿ, ಎರಡೆರಡು ಒಟ್ಟಿಗೆ ಬೇಡ. ಇದೇ ಮಾತ್ರೇದು ಇನ್ನೊಂದು ತಕರಾರಿದೆ, ಬಾಣಂತೀರಿಗೆ ಕೊಡೋ ಐರನ್, ಕ್ಯಾಲ್ಸಿಯಂ ಜೊತೆ ಖಾಲಿ ಹೊಟ್ಟೇಲಿ ತಗೊಂಡ್ರೆ ಮೈಗೆ ಸರಿಯಾಗಿ ಹತ್ತಲ್ಲ. ಊಟದ ಜೊತೆ ಎಲ್ಲಾ ಒಟ್ಟಿಗೆ ತಗೋಬಹುದು, ಇಲ್ಲಾಂದ್ರೆ ಎಆರ್‌ಟಿ ಮಾತ್ರೆ ಅವುಗಳಿಗಿಂತ ಎರಡು ಗಂಟೆ ಮೊದ್ಲು ಅಥವಾ ಆರು ಗಂಟೆ ಆದ್ಮೇಲೆ.

ಮೊಲೆತೊಟ್ಟು ಬಿರಿದು ರಕ್ತ ಬಂದ್ರೆ ಅಥವಾ ಎದೆ ಕೆಂಪಾಗಿ ಬಾವು ಬಂದ್ರೆ ಆ ಕಡೆ ಕುಡಿಸ್ಬೇಡಿ, ಹಿಂಡಿ ಚೆಲ್ಲಿ, ಡಾಕ್ಟರಿಗೆ ತೋರ್ಸಿ.

ಮಗುಗೆ ಆರು ವಾರಕ್ಕೆ ಪಿಸಿಆರ್ ಟೆಸ್ಟ್ (ರಕ್ತದಲ್ಲಿ ವೈರಸ್ ಇದೆಯಾ ಅಂತ ನೋಡೋದು) ಆಗಿಲ್ಲ ಅಂದ್ರೆ ಈಗ್ಲೇ ಮಾಡ್ಸಿ. ಅದು ನೆಗೆಟಿವ್ ಬಂದ್ರೂ ಹಾಲು ಕುಡಿಯೋವರೆಗೂ ಮತ್ತೆ ಮತ್ತೆ ಟೆಸ್ಟ್ ಇರುತ್ತೆ, ಕೊನೇದು 18 ತಿಂಗಳಿಗೆ ಅಥವಾ ಹಾಲು ಪೂರ್ತಿ ಬಿಟ್ಟು ಮೂರು ತಿಂಗಳಾದ್ಮೇಲೆ, ಯಾವುದು ತಡವೋ ಅವಾಗ.